ಶಾಲೆಯ ಫೈಲಿನಲ್ಲಿ ಥರ್ಡ್ ಪಾರ್ಟಿ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಫೈಲುಗಳ ನೆನಪು ಅಷ್ಟಾಗಿ ಉಳಿಯುವುದಿಲ್ಲ. ಸಾಲ ಮಂಜೂರಾಯಿತು, ಕಂತು ಬಂತು, ಅಕೌಂಟ್ ಕ್ಲೋಸ್ ಆಯಿತು, ಅಲ್ಲಿಗೆ ಮುಗೀತು. ಹೊಸ ಬ್ರಾಂಚಿಗೆ ವರ್ಗವಾದರೆ ಹಳೆಯ ಪಾರ್ಟಿಗಳ ಹೆಸರೂ ಮರೆತುಹೋಗುತ್ತದೆ. ಆದರೆ ಒಂದು ಫೈಲು ಮಾತ್ರ ನನ್ನನ್ನು ಬಿಟ್ಟಿಲ್ಲ. ಅದು ಮುಂಬಯಿಯ ಹೊರವಲಯದ ಒಂದು ಶಾಲೆಯದು. ಶಾಲೆಯ ಹೆಸರು ಬೇಡ, ಬ್ರಾಂಚಿನ ಹೆಸರೂ ಬೇಡ.

2003ರ ಕೊನೆ. ನೆಲ ಮತ್ತು ಒಂದು ಮಹಡಿ ಇದ್ದ ಶಾಲೆ, ಮೇಲೆ ಇನ್ನೂ ಎರಡು ಮಹಡಿ ಎಬ್ಬಿಸಬೇಕು ಅಂತ ಟ್ರಸ್ಟಿನವರು ಸಾಲಕ್ಕೆ ಬಂದರು. ಒಳ್ಳೆಯ ಜನ. ಫೀಸು ಸರಿಯಾಗಿ ಬರುತ್ತಿತ್ತು, ಬ್ಯಾಲೆನ್ಸ್ ಶೀಟ್ ಚೆನ್ನಾಗಿತ್ತು. ಸಾಲದ ವಿಭಾಗ ನನ್ನ ಕೈಯಲ್ಲಿತ್ತು. ಜಾಗ ಮತ್ತು ಕಟ್ಟಡದ ಅಡಮಾನ, ಟ್ರಸ್ಟಿಗಳ ಪರ್ಸನಲ್ ಗ್ಯಾರಂಟಿ, ಆರ್ಕಿಟೆಕ್ಟರ ಎಸ್ಟಿಮೇಟ್, ಪಾಲಿಕೆಯ ಮಂಜೂರಾತಿ, ಇವೆಲ್ಲದರ ಜೊತೆ ಕಟ್ಟುವ ಅವಧಿಗೆ ಒಂದು 'ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್' ವಿಮಾ ಪಾಲಿಸಿ, ಅದರ ಮೇಲೆ ಬ್ಯಾಂಕ್ ಕ್ಲಾಸ್. ಕ್ಲೇಮು ಬಂದರೆ ದುಡ್ಡು ಮೊದಲು ಬ್ಯಾಂಕಿಗೆ ಬರಬೇಕು ಅನ್ನುವ ಷರತ್ತು ಅದು. ಚೆಕ್‌ಲಿಸ್ಟಿನಲ್ಲಿ ಎಲ್ಲದಕ್ಕೂ ಟಿಕ್ ಹಾಕಿದವನು ನಾನೇ.

ಇಂಥ ಸಾಲವನ್ನು ಒಟ್ಟಿಗೆ ಕೊಡುವುದಿಲ್ಲ. ಕೆಲಸ ಎಷ್ಟಾಗಿದೆ ಅಂತ ನೋಡಿ ಹಂತ ಹಂತವಾಗಿ ಬಿಡುತ್ತೇವೆ. 2004ರ ಜೂನ್ ಮಧ್ಯದಲ್ಲಿ ಮೂರನೇ ಹಂತಕ್ಕಾಗಿ ನಾನು ಸೈಟಿಗೆ ಹೋದೆ. ರಜೆ ಮುಗಿದು ಶಾಲೆ ಶುರುವಾಗಿತ್ತು. ಮೇಲೆ ಸೆಂಟ್ರಿಂಗ್ ಕಟ್ಟುತ್ತಿದ್ದರು. ಕೆಳಗೆ, ಪಕ್ಕದ ಸಿಮೆಂಟ್ ಶೀಟಿನ ಸಾಲು ಕೋಣೆಗಳಲ್ಲಿ ಪುಟ್ಟ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಮೇಲಿನಿಂದ ಹಲಗೆ ಬಡಿಯುವ ಸದ್ದು, ಕೆಳಗಿನಿಂದ ಮಗ್ಗಿ. ನನಗೆ ಅದು ಚೆಂದವೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಚಹಾ ಕುಡಿದು ಬಂದು ವರದಿಯಲ್ಲಿ ಬರೆದೆ: ಕೆಲಸದ ಪ್ರಗತಿ ತೃಪ್ತಿಕರ, ಮೂರನೇ ಹಂತದ ಹಣ ಬಿಡುಗಡೆ ಮಾಡಬಹುದು.

ಹತ್ತು ದಿನ ಕಳೆದಿರಬೇಕು. ಶನಿವಾರ ಸ್ಲ್ಯಾಬ್ ಹಾಕಿದರು. ಭಾನುವಾರ ರಾತ್ರಿ ಜೋರು ಮಳೆ. ಸೆಂಟ್ರಿಂಗಿನ ಆಧಾರದ ಕಂಬಗಳು ಜಾರಿ, ಹಸಿ ಕಾಂಕ್ರೀಟು, ಕಬ್ಬಿಣ, ಹಲಗೆ ಎಲ್ಲ ಸೇರಿ ಒಂದು ಮೂಲೆ ಪೂರ್ತಿ ಆ ಶೀಟಿನ ಕೋಣೆಗಳ ಮೇಲೆ ಬಿತ್ತು. ಒಬ್ಬರಿಗೂ ಏನೂ ಆಗಲಿಲ್ಲ. ಸೋಮವಾರ ಬೆಳಗ್ಗೆ ಎಂಟಕ್ಕೆ ನಾನು ಅಲ್ಲಿದ್ದೆ. ಗಟ್ಟಿಯಾಗುತ್ತಿದ್ದ ಕಾಂಕ್ರೀಟಿನಿಂದ ಸಣ್ಣ ಸಣ್ಣ ಬೆಂಚುಗಳ ಕಾಲು ಹೊರಗೆ ಚಾಚಿಕೊಂಡಿದ್ದವು. ಗೇಟಿನ ಹೊರಗೆ ಮಕ್ಕಳು ಚೀಲ ಹೊತ್ತು ನಿಂತಿದ್ದರು. ಅವತ್ತು ರಜೆ ಅಂತ ಗೊತ್ತಾಗಿ ಖುಷಿಯಲ್ಲಿದ್ದರು.

ಸರ್ವೇಯರ್ ಬಂದರು, ಅಳೆದರು, ಫೋಟೋ ತೆಗೆದರು. ಸ್ಲ್ಯಾಬಿನ ನಷ್ಟ ಎಕ್ಸೆಸ್ ಕಳೆದು ಬಂತು. ಶೀಟಿನ ಕೋಣೆಗಳಿಗೆ ಬರಲಿಲ್ಲ. ಯಾಕೆಂದರೆ ಕಟ್ಟುತ್ತಿರುವ ಭಾಗ ಬಿಟ್ಟು ಮಾಲೀಕನ ಅಕ್ಕಪಕ್ಕದ ಆಸ್ತಿಗೆ ಬೇರೆಯೇ ರಕ್ಷಣೆ ತೆಗೆದುಕೊಳ್ಳಬೇಕು, ಪ್ರೀಮಿಯಮ್ ಉಳಿಸಲು ಅದನ್ನು ಬಿಟ್ಟಿದ್ದರು. ನಾನೂ ಕೇಳಿರಲಿಲ್ಲ. ಸಾಲಕ್ಕೆ ಅಡವಿದ್ದದ್ದರಲ್ಲಿ ಆ ಶೀಟಿನ ಕೋಣೆಗಳಿಗೆ ಏನು ಮಹಾ ಬೆಲೆ? ಆ ರಾತ್ರಿ ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದೆ. ಮಂಜೂರಾತಿಯ ಹೊತ್ತಿನಲ್ಲಿ ನೋಡಿದ್ದು ವಿಮಾ ಮೊತ್ತ, ಅವಧಿ, ಬ್ಯಾಂಕ್ ಕ್ಲಾಸ್, ಮೂರೇ. ಎರಡನೇ ಭಾಗದಲ್ಲಿ ಥರ್ಡ್ ಪಾರ್ಟಿ ಹೊಣೆ ಅಂತ ಇತ್ತು. ಕಾಂಟ್ರಾಕ್ಟರು ಒಂದನೆಯವನು, ವಿಮಾ ಕಂಪನಿ ಎರಡನೆಯದು, ಸಂಬಂಧವಿಲ್ಲದ ಹೊರಗಿನವರು ಥರ್ಡ್ ಪಾರ್ಟಿ. ಒಂದು ಅಪಘಾತಕ್ಕೆ ಎಲ್ಲ ಸೇರಿ ಮಿತಿ ಐದು ಲಕ್ಷ. ಆ ಬೆಂಚುಗಳ ಮೇಲೆ ಕೂರುತ್ತಿದ್ದ ಮಕ್ಕಳು ಇಡೀ ಫೈಲಿನಲ್ಲಿ ಇದ್ದದ್ದು ಅಲ್ಲೊಂದೇ ಕಡೆ. ತಮ್ಮದೇ ಶಾಲೆಯಲ್ಲಿ ಅವರು ಥರ್ಡ್ ಪಾರ್ಟಿ.

ಇದಾಗಿ ಮೂರು ವಾರದೊಳಗೆ, ಜುಲೈ 16ರ ಶುಕ್ರವಾರ, ಕುಂಭಕೋಣಂ. ಅದಕ್ಕೆ ಆಮೇಲೆ ಬರುತ್ತೇನೆ.

ಅವತ್ತಿನಿಂದ ನನಗೆ ಒಂಥರಾ ಹುಚ್ಚು. ಈ ಪಾಲಿಸಿಗಳು, ಗ್ಯಾರಂಟಿಗಳು ಎಲ್ಲಿಂದ ಬಂದವು, ಅದರಲ್ಲಿ ಶಾಲೆಯ ಮಕ್ಕಳು ಯಾವಾಗಾದರೂ ಫಸ್ಟ್ ಪಾರ್ಟಿ ಆಗಿದ್ದರೇ ಅಂತ ಹುಡುಕುವುದು. ಬಿ.ಕಾಂ. ಓದಿದವನು ನಾನು, ಇತಿಹಾಸಕಾರನಲ್ಲ, ಇಂಜಿನಿಯರೂ ಅಲ್ಲ. ಲೆಡ್ಜರ್ ಓದುವ ಹಾಗೆ ಓದಿದ್ದೇನೆ.

ಕಟ್ಟಡ ಬಿದ್ದರೆ ಯಾರು ಹೊಣೆ ಅನ್ನುವ ಪ್ರಶ್ನೆ ಬಹಳ ಹಳೆಯದು. ಸುಮಾರು ಮೂರು ಸಾವಿರದ ಏಳುನೂರು ವರ್ಷಗಳ ಹಿಂದಿನ ಬ್ಯಾಬಿಲೋನಿನ ದೊರೆ ಹಮ್ಮುರಬಿಯ ಕಟ್ಟಳೆಯಲ್ಲಿ, ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ, ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ ಮರಣದಂಡನೆ. ಕ್ರೂರ ಲೆಕ್ಕ. ಅಲ್ಲೂ ಮಗು ಒಂದು ಲೆಕ್ಕಕ್ಕೆ ಇನ್ನೊಂದು ಲೆಕ್ಕವಾಗಿಯೇ ಬಂತು ನೋಡಿ. 1804ರಲ್ಲಿ ನೆಪೋಲಿಯನ್ನನ ಕಾಲದ ಫ್ರೆಂಚ್ ಸಂಹಿತೆ ಇದನ್ನು ನಾಗರಿಕವಾಗಿಸಿ, ಕಟ್ಟಡ ಹಾಳಾದರೆ ಹತ್ತು ವರ್ಷದ ತನಕ ಆರ್ಕಿಟೆಕ್ಟ್ ಮತ್ತು ಕಾಂಟ್ರಾಕ್ಟರು ಹೊಣೆ ಎಂದಿತು. ಆ ಹೊಣೆಗೆ ವಿಮೆ ಕಡ್ಡಾಯ ಅಂತ ಫ್ರಾನ್ಸ್ ಕಾನೂನು ಮಾಡಿದ್ದು 1978ರಲ್ಲಿ.

ನನ್ನ ಫೈಲಿನಲ್ಲಿದ್ದ ಜಾತಿಯ ಪಾಲಿಸಿ ಹುಟ್ಟಿದ್ದು ಲಂಡನ್ನಿನಲ್ಲಿ. ಥೇಮ್ಸ್ ನದಿಯ ಲ್ಯಾಂಬೆತ್ ಸೇತುವೆಯನ್ನು ಹೊಸದಾಗಿ ಕಟ್ಟುವಾಗ, 1929ರಲ್ಲಿ, ಬೆಂಕಿ, ನೆರೆ, ಕುಸಿತ ಅಂತ ಬೇರೆ ಬೇರೆ ಮಾಡದೆ ಎಲ್ಲವನ್ನೂ ಒಂದೇ ಪಾಲಿಸಿಯಲ್ಲಿ ಕಟ್ಟಿಕೊಟ್ಟದ್ದು ಮೊದಲನೆಯದು ಅನ್ನುತ್ತಾರೆ. ಸೇತುವೆಗೆ ಹೊಲಿದ ಅಂಗಿ ಅದು. ಸೇತುವೆ ಕಟ್ಟುವಾಗ ಅದರ ಮೇಲೆ ಯಾರೂ ಓಡಾಡುವುದಿಲ್ಲ. ಶಾಲೆ ಹಾಗಲ್ಲ. ನಮ್ಮಲ್ಲಿ ಅರ್ಧ ಕಟ್ಟಿದ ಶಾಲೆಯಲ್ಲೇ ಪಾಠ ನಡೆಯುತ್ತದೆ, ಫೀಸು ಬಂದರೆ ತಾನೇ ಉಳಿದರ್ಧ ಕಟ್ಟುವುದು?

ಭಾರತದಲ್ಲಿ ಈ ಅಂಗಿಯ ಅಳತೆ ಬಹುಕಾಲ ಸರ್ಕಾರಿ. 1973ರ ಜನವರಿ 1ರಿಂದ ಜನರಲ್ ಇನ್ಷೂರೆನ್ಸ್ ಪೂರ್ತಿ ರಾಷ್ಟ್ರೀಕರಣವಾಗಿ, ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಅಂತ ನಾಲ್ಕೇ ಕಂಪನಿ ಉಳಿದವು. ದರ, ಷರತ್ತು ಎಲ್ಲ ಟ್ಯಾರಿಫ್ ಅಡ್ವೈಸರಿ ಕಮಿಟಿಯ ಪುಸ್ತಕದ ಪ್ರಕಾರ. ಯಾರ ಹತ್ತಿರ ಹೋದರೂ ಅದೇ ದರ. ಹಾಗಿದ್ದ ಮೇಲೆ ಜಾಗರೂಕತೆಯಿಂದ ಕಟ್ಟುವ ಕಾಂಟ್ರಾಕ್ಟರಿಗೂ ಸಿಕ್ಕಾಪಟ್ಟೆ ಕಟ್ಟುವವನಿಗೂ ಪ್ರೀಮಿಯಮ್ಮಿನಲ್ಲಿ ದೊಡ್ಡ ವ್ಯತ್ಯಾಸ ಎಲ್ಲಿಂದ ಬರಬೇಕು? 2007ರ ಜನವರಿಯಿಂದ ಟ್ಯಾರಿಫ್ ದರ ಹೋಯಿತು. ಆಮೇಲೆ ಕಂಪನಿಗಳು ಡಿಸ್ಕೌಂಟಿನ ಪೈಪೋಟಿಗೆ ಬಿದ್ದವು. ಎರಡೂ ಕಾಲವನ್ನು ಬ್ಯಾಂಕಿನ ಕೌಂಟರಿನ ಈಚೆಯಿಂದ ನೋಡಿದವನು ಹೇಳುತ್ತೇನೆ, ಎರಡರಲ್ಲೂ ಪಾಲಿಸಿ ಕೊಡುವ ಮೊದಲು ಸಣ್ಣ ಶಾಲೆಯ ಸೈಟಿಗೆ ಬಂದು ಸೆಂಟ್ರಿಂಗ್ ನೋಡಿದ ವಿಮಾ ಅಧಿಕಾರಿಯನ್ನು ನಾನು ಕಂಡಿಲ್ಲ. ಸರ್ವೇಯರ್ ಬರುವುದು ಬಿದ್ದ ಮೇಲೆ.

ಹಾಗಾದರೆ ಬೀಳುವ ಮೊದಲು ಬರುವವನು ಯಾರು? ಇದಕ್ಕೆ ಉತ್ತರ ಸಿಕ್ಕಿದ್ದು ದೂರದ ಕ್ಯಾಲಿಫೋರ್ನಿಯಾದಲ್ಲಿ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇರುವುದು ಇಲ್ಲೇ.

1933ರ ಮಾರ್ಚ್ 10, ಅದೂ ಶುಕ್ರವಾರ. ಸಂಜೆ 5 ಗಂಟೆ 54 ನಿಮಿಷಕ್ಕೆ ಲಾಂಗ್ ಬೀಚ್ ಎಂಬ ಊರು ನಡುಗಿತು. ತೀವ್ರತೆ 6.4. ಸತ್ತವರು ಸುಮಾರು 120 ಮಂದಿ. ಇಟ್ಟಿಗೆ ಕಟ್ಟಡಗಳು ಧೂಳಾದವು, ಅದರಲ್ಲೂ ಶಾಲೆಗಳು. ಬಿದ್ದದ್ದು, ದೊಡ್ಡ ಹಾನಿಯಾದದ್ದು, ಒಳಗೆ ಹೋಗಬಾರದು ಅಂತ ತೀರ್ಮಾನವಾದದ್ದು ಎಲ್ಲ ಸೇರಿ 230ಕ್ಕೂ ಹೆಚ್ಚು ಶಾಲಾ ಕಟ್ಟಡಗಳು. ಕಬ್ಬಿಣದ ಬಿಗಿ ಇಲ್ಲದ ಇಟ್ಟಿಗೆ ಗೋಡೆ, ಕೈಯಲ್ಲಿ ಉದುರುವಂಥ ಗಾರೆ, ಬಾಗಿಲ ಮೇಲೆ ಚೆಂದಕ್ಕೆ ಕಟ್ಟಿದ ಭಾರದ ಅಲಂಕಾರ. ಭೂಕಂಪವಾದಾಗ ಯಾರೇ ಆದರೂ ಬಾಗಿಲಿನಿಂದ ಹೊರಗೆ ಓಡುತ್ತಾರಲ್ಲ, ಅಲಂಕಾರ ಬಿದ್ದದ್ದು ಅಲ್ಲೇ. ಮೂರು ಗಂಟೆ ಮೊದಲು ಆಗಿದ್ದರೆ ಸಾವಿರಾರು ಮಕ್ಕಳು ಒಳಗೆ ಇರುತ್ತಿದ್ದರು. ಅವರಿಗೆ ಸಂಜೆಯ ಗಂಟೆ, ನಮಗೆ ಭಾನುವಾರದ ರಾತ್ರಿ.

ಆಮೇಲಿನದ್ದು ನನಗೆ ಇಂದಿಗೂ ಆಶ್ಚರ್ಯ. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 10ರಂದು ಕಾನೂನು ಬಂತು. ಡಾನ್ ಫೀಲ್ಡ್ ಎಂಬ ಶಾಸಕರು ತಂದದ್ದರಿಂದ ಅದಕ್ಕೆ ಫೀಲ್ಡ್ ಕಾಯ್ದೆ ಎಂದೇ ಹೆಸರು. ನಮ್ಮಲ್ಲಿ ಒಂದು ತಿಂಗಳಿಗೆ ತನಿಖಾ ಸಮಿತಿಗೆ ಕುರ್ಚಿ ಮೇಜು ಬರುವುದಿಲ್ಲ. ಮಹಾ ಆರ್ಥಿಕ ಕುಸಿತದ ನಡುಗಾಲ ಬೇರೆ. ಮಾರ್ಚ್ ಮೊದಲ ವಾರವಷ್ಟೇ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದು ದೇಶದ ಬ್ಯಾಂಕುಗಳನ್ನೆಲ್ಲ ಮುಚ್ಚಿಸಿದ್ದರು. ಶಾಲೆ ಬಿದ್ದ ದಿನ ಬ್ಯಾಂಕುಗಳಿಗೆ ರಜೆ! ಅಂಥ ಹೊತ್ತಿನಲ್ಲಿ, ಇನ್ನು ಮುಂದೆ ಸಾರ್ವಜನಿಕ ಶಾಲೆ ಕಟ್ಟುವುದಕ್ಕೆ ಹೆಚ್ಚು ಖರ್ಚಾಗಲಿ, ಪರವಾಗಿಲ್ಲ ಅಂದರು.

ಕಾಯ್ದೆಯಲ್ಲಿ ಇದ್ದದ್ದು ಇಷ್ಟು. ನಕ್ಷೆಯನ್ನು ಅರ್ಹ ಆರ್ಕಿಟೆಕ್ಟ್ ಅಥವಾ ಸ್ಟ್ರಕ್ಚರಲ್ ಇಂಜಿನಿಯರ್ ಮಾಡಬೇಕು, ಅದನ್ನು ರಾಜ್ಯದ ಕಚೇರಿ ಪರಿಶೀಲಿಸಿ ಒಪ್ಪಬೇಕು. ಊರಿನ ಪಾಲಿಕೆಯಲ್ಲ, ರಾಜ್ಯ. ಊರಿನವರಾದರೆ ಟ್ರಸ್ಟಿಯ ಭಾವ, ಕಾಂಟ್ರಾಕ್ಟರನ ಷಡ್ಡಕ ಅಂತ ಏನಾದರೊಂದು ಇರುತ್ತದೆ. ಎರಡನೆಯದು, ಕೆಲಸ ನಡೆಯುವಷ್ಟು ಕಾಲವೂ ಸೈಟಿನಲ್ಲಿ ಒಬ್ಬ ಇನ್‌ಸ್ಪೆಕ್ಟರ್. ಅವನು ಕಾಂಟ್ರಾಕ್ಟರನ ಮನುಷ್ಯನಲ್ಲ, ಕಾಂಟ್ರಾಕ್ಟರಿನಿಂದ ಸಂಬಳ ಪಡೆಯುವಂತಿಲ್ಲ. ಮೂರನೆಯದು ನನ್ನಂಥವನಿಗೆ ಬಹಳ ಇಷ್ಟವಾದದ್ದು: ಆರ್ಕಿಟೆಕ್ಟ್, ಇಂಜಿನಿಯರ್, ಇನ್‌ಸ್ಪೆಕ್ಟರ್, ಕಾಂಟ್ರಾಕ್ಟರ್ ಎಲ್ಲರೂ, ಕಟ್ಟಡ ಒಪ್ಪಿದ ನಕ್ಷೆಯಂತೆಯೇ ಆಗಿದೆ ಎಂದು ಪ್ರಮಾಣಪೂರ್ವಕ ಸಹಿ ಮಾಡಿ ವರದಿ ಕೊಡಬೇಕು. ಸುಳ್ಳು ಬರೆದರೆ ಅದು ಗಂಭೀರ ಕ್ರಿಮಿನಲ್ ಅಪರಾಧ. 'ಪ್ರಗತಿ ತೃಪ್ತಿಕರ' ಅಂತ ನಾನು ಬರೆದ ಕಾಗದಕ್ಕೆ ಅಂಥ ಭಾರ ಇರಲಿಲ್ಲ. ನನ್ನನ್ನು ಯಾರೂ ಅದರ ಬಗ್ಗೆ ಕೇಳಲೂ ಇಲ್ಲ.

ಗಮನಿಸಿ, ಇದರಲ್ಲಿ ವಿಮೆಯ ಮಾತೇ ಇಲ್ಲ. ಅವರ ಬಳಿ ವಿಮೆ, ಗ್ಯಾರಂಟಿ ಇರಲಿಲ್ಲ ಅಂತಲ್ಲ. ಅಮೆರಿಕದಲ್ಲಿ ಸರ್ಕಾರಿ ಕಾಮಗಾರಿಗೆ ಕಾಂಟ್ರಾಕ್ಟರು ಷ್ಯೂರಿಟಿ ಬಾಂಡ್ ಕೊಡಬೇಕೆಂಬ ಕೇಂದ್ರ ಕಾನೂನು 1894ರಷ್ಟು ಹಿಂದೆಯೇ ಇತ್ತು, 1935ರಲ್ಲಿ ಮಿಲ್ಲರ್ ಕಾಯ್ದೆಯಾಗಿ ಇನ್ನೂ ಬಿಗಿಯಾಯಿತು. ನಮ್ಮ ಬಿ.ಕಾಂ. ಓದಿದವರಿಗೆ ಕಾಂಟ್ರಾಕ್ಟ್ ಆಕ್ಟ್ 1872ರ 124 ಮತ್ತು 126ನೇ ಸೆಕ್ಷನ್ ನಿದ್ದೆಯಲ್ಲೂ ಬರುತ್ತವೆ: ಒಂದು ಇಂಡೆಮ್ನಿಟಿ, ಇನ್ನೊಂದು ಗ್ಯಾರಂಟಿ. ನಷ್ಟ ತುಂಬಿಕೊಡುತ್ತೇನೆ ಅನ್ನುವುದು ಒಂದು, ಅವನು ತಪ್ಪಿದರೆ ನಾನು ನಿಲ್ಲುತ್ತೇನೆ ಅನ್ನುವುದು ಇನ್ನೊಂದು. ಎರಡೂ ತಪ್ಪಿದ ಮೇಲಿನ ಮಾತು. ಫೀಲ್ಡ್ ಕಾಯ್ದೆ ಈ ಎರಡರ ಗೊಡವೆಗೂ ಹೋಗದೆ, ಕಾಂಕ್ರೀಟು ಹಸಿ ಇರುವಾಗಲೇ ಒಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿತು.

ಫಲ? 1952ರಲ್ಲಿ ಕರ್ನ್ ಕೌಂಟಿ, 1971ರಲ್ಲಿ ಸ್ಯಾನ್ ಫರ್ನಾಂಡೋ, 1994ರಲ್ಲಿ ನಾರ್ತ್‌ರಿಜ್, ಒಂದಾದ ಮೇಲೊಂದು ದೊಡ್ಡ ಭೂಕಂಪ ಬಂದವು. ಈ ಕಾಯ್ದೆಯ ಪ್ರಕಾರ ಕಟ್ಟಿದ ಒಂದು ಶಾಲೆಯೂ ಕುಸಿದು ಮಗು ಸತ್ತಿಲ್ಲ. ಸ್ಯಾನ್ ಫರ್ನಾಂಡೋ ಬೆಳಗಿನ ಆರಕ್ಕೆ, ನಾರ್ತ್‌ರಿಜ್ ನಸುಕಿನ ನಾಲ್ಕೂವರೆಗೆ ಆದದ್ದು ಅನ್ನುವುದನ್ನೂ ಸೇರಿಸಬೇಕು, ಇಲ್ಲದಿದ್ದರೆ ಲೆಕ್ಕ ಪ್ರಾಮಾಣಿಕವಾಗುವುದಿಲ್ಲ. ಆದರೆ ಗಡಿಯಾರ ಕೈಕೊಟ್ಟರೆ ಏನಾಗುತ್ತದೆ ಅಂತ ಬೇರೆ ಕಡೆ ನೋಡಿದ್ದೇವೆ. 2005ರ ಅಕ್ಟೋಬರ್ 8, ಕಾಶ್ಮೀರದ ಭೂಕಂಪ, ಶಾಲೆ ಶುರುವಾದ ಹೊತ್ತು. ಗಡಿಯಾಚೆ ಸಾವಿರಾರು ಮಕ್ಕಳು ತರಗತಿಗಳಲ್ಲೇ ಹೋದರು. 2008ರ ಮೇ 12, ಚೀನಾದ ಸಿಚುವಾನ್, ಮಧ್ಯಾಹ್ನ ಎರಡೂವರೆಗೆ ಎರಡು ನಿಮಿಷ ಇರುವಾಗ. ಸತ್ತ ಹಾಗೂ ಕಾಣೆಯಾದ ವಿದ್ಯಾರ್ಥಿಗಳು 5,335 ಎಂದು ಒಂದು ವರ್ಷದ ಮೇಲೆ ಅಲ್ಲಿನ ಸರ್ಕಾರವೇ ಲೆಕ್ಕ ಕೊಟ್ಟಿತು. ಸುತ್ತಲಿನ ಕಟ್ಟಡಗಳು ನಿಂತಿದ್ದಾಗ ಶಾಲೆ ಮಾತ್ರ ಯಾಕೆ ಬಿತ್ತು ಅಂತ ಕೇಳಿದ ತಂದೆತಾಯಿಗಳಿಗೆ ಉತ್ತರ ಸಿಗಲಿಲ್ಲ.

ಫೀಲ್ಡ್ ಕಾಯ್ದೆಗೊಂದು ದೊಡ್ಡ ತೂತು ಇತ್ತು. ಅದು ಹೊಸ ಕಟ್ಟಡಕ್ಕೆ ಮಾತ್ರ. 1933ಕ್ಕಿಂತ ಹಿಂದಿನ ಶಾಲೆಗಳು ಹಾಗೇ ನಿಂತಿದ್ದವು. 1939ರಲ್ಲಿ ಗ್ಯಾರಿಸನ್ ಕಾಯ್ದೆ ಬಂತು: ಕಟ್ಟಡ ಅಪಾಯಕಾರಿ ಎಂದು ವರದಿ ಬಂದ ಮೇಲೂ ಸುಮ್ಮನೆ ಕೂತರೆ ಶಾಲಾ ಮಂಡಳಿಯ ಸದಸ್ಯರ ತಲೆಗೇ ಅದು ಬರುತ್ತದೆ ಅನ್ನುವ ಧಾಟಿಯದು. ಓದಿದ ಕೂಡಲೇ ಅಂದುಕೊಂಡೆ, ಅರೆ, ಇದು ನಮ್ಮ ಪರ್ಸನಲ್ ಗ್ಯಾರಂಟಿಯೇ! ನಾವು ಟ್ರಸ್ಟಿಗಳಿಂದ ಸಾಲಕ್ಕೆ ಬರೆಸಿಕೊಳ್ಳುತ್ತೇವೆ, ಅವರು ಕಟ್ಟಡಕ್ಕೆ ಬರೆಸಿಕೊಂಡರು. ಆದರೆ ಗ್ಯಾರಂಟಿ ಬರೆದುಕೊಟ್ಟವನು ಏನು ಮಾಡುತ್ತಾನೆ ಅಂತ ಬ್ಯಾಂಕಿನವನಿಗೆ ಹೇಳಬೇಕೇ? ವರದಿ ಬಂದರೆ ತಾನೇ ಹೊಣೆ, ವರದಿಯನ್ನೇ ತರಿಸದಿದ್ದರೆ? ಬಹುಪಾಲು ಮಂಡಳಿಗಳು ಪರೀಕ್ಷೆಯನ್ನೇ ಮಾಡಿಸಲಿಲ್ಲ. 1967ರಲ್ಲಿ ಗ್ರೀನ್ ಕಾಯ್ದೆ ಬಂದು ಪರೀಕ್ಷೆ ಕಡ್ಡಾಯವಾದ ಮೇಲೆ, 1970ರ ದಶಕದಲ್ಲಷ್ಟೇ ಆ ಹಳೆಯ ಶಾಲೆಗಳು ಖಾಲಿಯಾದವು. 2011ರಲ್ಲಿ ಅಲ್ಲಿನ ಪತ್ರಕರ್ತರು, ಆಮೇಲೆ ರಾಜ್ಯದ ಆಡಿಟರು ಕೆದಕಿದಾಗ, ಕೊನೆಯ ಪ್ರಮಾಣಪತ್ರವೇ ಇಲ್ಲದ ಶಾಲಾ ಕಾಮಗಾರಿಗಳು ಹತ್ತು ಸಾವಿರಕ್ಕೂ ಮೀರಿ ಸಿಕ್ಕವು. ಎಲ್ಲವೂ ಕೆಟ್ಟ ಕಟ್ಟಡ ಅಂತಲ್ಲ, ಎಷ್ಟೋ ಕಡೆ ಒಂದು ಕಾಗದ ಬಾಕಿ. ನಮ್ಮಲ್ಲಿ 'ಡಾಕ್ಯುಮೆಂಟ್ ಡಿಫರ್ಡ್' ಅಂತ ಬರೆದು ಮುಂದೆ ಹಾಕುತ್ತೇವಲ್ಲ, ಥೇಟ್ ಹಾಗೆ.

ಕ್ಯಾಲಿಫೋರ್ನಿಯಾದ ಕಾನೂನಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಟೆಕ್ಸಸ್ಸಿನಲ್ಲಿ ಇನ್ನೊಂದು ಆಯಿತು. ನ್ಯೂ ಲಂಡನ್ ಅಂತ ಊರು, ಸುತ್ತ ತೈಲಬಾವಿಗಳು, ತೆರಿಗೆ ಹಣ ಹೊಳೆಯಾಗಿ ಬರುತ್ತಿದ್ದ ಶ್ರೀಮಂತ ಶಾಲೆ. ಉಕ್ಕಿನ ಚೌಕಟ್ಟಿನ ಭರ್ಜರಿ ಕಟ್ಟಡ. ಬಿಸಿ ಮಾಡಲು ಬಾಯ್ಲರು ಹಾಕುವ ಬದಲು ಕೋಣೆಕೋಣೆಗೆ ಗ್ಯಾಸ್ ಹೀಟರ್ ಹಾಕಿದರು. 1937ರ ಆರಂಭದಲ್ಲಿ, ತಿಂಗಳಿಗೆ ಮುನ್ನೂರು ಡಾಲರಿನಷ್ಟು ಬರುತ್ತಿದ್ದ ಬಿಲ್ಲನ್ನು ಉಳಿಸಲು, ತೈಲ ಕಂಪನಿ ವ್ಯರ್ಥವಾಗಿ ಸುಡುತ್ತಿದ್ದ ಉಳಿಕೆ ಗ್ಯಾಸಿನ ಪೈಪಿಗೆ ಶಾಲೆಯ ಪೈಪನ್ನು ಜೋಡಿಸಿಬಿಟ್ಟರು. ಆ ಭಾಗದಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರಂತೆ. ಆ ಗ್ಯಾಸಿಗೆ ವಾಸನೆ ಇಲ್ಲ. ನೆಲದಡಿಯ ಖಾಲಿ ಜಾಗದಲ್ಲಿ ಸೋರಿ ತುಂಬಿಕೊಂಡಿತು. ಮಾರ್ಚ್ 18ರ ಮಧ್ಯಾಹ್ನ, ಶಾಲೆ ಬಿಡಲು ಇನ್ನೇನು ಹೊತ್ತಿಲ್ಲ ಅನ್ನುವಾಗ, ಮರಗೆಲಸದ ತರಗತಿಯಲ್ಲಿ ಒಂದು ವಿದ್ಯುತ್ ಯಂತ್ರದ ಸ್ವಿಚ್ ಹಾಕಿದರು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಪರಿಹಾರಕ್ಕೆ ಹಾಕಿದ ದಾವೆಗಳಲ್ಲಿ ಕೋರ್ಟು ಯಾರನ್ನೂ ಹೊಣೆ ಮಾಡಲಿಲ್ಲ.

ಆದರೆ ಎರಡು ತಿಂಗಳಲ್ಲಿ, ಗ್ಯಾಸಿಗೆ ವಾಸನೆ ಬೆರೆಸಬೇಕೆಂದು ಟೆಕ್ಸಸ್ ಕಾನೂನು ಮಾಡಿತು. ಇಂಜಿನಿಯರ್ ಅಂತ ಬೋರ್ಡು ಹಾಕಿಕೊಳ್ಳಬೇಕಾದರೆ ನೋಂದಣಿ ಬೇಕು ಅನ್ನುವ ಕಾನೂನೂ ಅದೇ ವರ್ಷ ಬಂತು. ಇವತ್ತು ಡೊಂಬಿವಿಲಿಯಲ್ಲೋ ಸಿಕಂದರಾಬಾದಿನಲ್ಲೋ ನಿಮ್ಮ ಅಡುಗೆಮನೆಯಲ್ಲಿ ಸಿಲಿಂಡರ್ ಸೋರಿದರೆ ಕೊಳೆತ ಕೋಸಿನಂಥ ನಾತ ಬರುತ್ತದಲ್ಲ, ಅದು ಗ್ಯಾಸಿನದ್ದಲ್ಲ, ಬೇಕೆಂದೇ ಬೆರೆಸಿದ ಮರ್‌ಕ್ಯಾಪ್ಟನ್ನಿನದ್ದು. ಅದು ಜಗತ್ತಿನ ರೂಢಿಯಾಗುವುದಕ್ಕೆ ದೊಡ್ಡ ನೂಕು ಸಿಕ್ಕಿದ್ದು ಆ ಶಾಲೆಯಿಂದ. ನನ್ನ ಹೆಂಡತಿಗೆ ಇದನ್ನು ಹೇಳಿದ ಮೇಲೆ ಅವಳು ಆ ವಾಸನೆಯನ್ನು ಬೈಯುವುದು ಬಿಟ್ಟಿದ್ದಾಳೆ.

ಈಗ ಕುಂಭಕೋಣಂ. 2004ರ ಜುಲೈ 16. ಒಂದೇ ಇಕ್ಕಟ್ಟಾದ ಕಟ್ಟಡದಲ್ಲಿ ಮೂರು ಶಾಲೆಗಳು. ಮಧ್ಯಾಹ್ನದ ಊಟದ ಅಡುಗೆಮನೆಯ ಬೆಂಕಿ ಹುಲ್ಲಿನ ಮಾಡಿಗೆ ತಗುಲಿ, ಮೇಲಿನ ತರಗತಿಗಳ ಮಾಡಿಗೆ ಹಬ್ಬಿ, ಉರಿಯುವ ಮಾಡು ಮಕ್ಕಳ ಮೇಲೆ ಬಿತ್ತು. 94 ಮಕ್ಕಳು. ಮರುದಿನದ ಪತ್ರಿಕೆಯನ್ನು ಬ್ರಾಂಚಿನಲ್ಲಿ ನನ್ನ ಮೇಜಿನ ಮೇಲೆ ಯಾರೋ ಇಟ್ಟಿದ್ದರು. ಪಕ್ಕದಲ್ಲೇ ನಮ್ಮ ಶಾಲೆಯ ಕ್ಲೇಮಿನ ಕಾಗದಗಳು. ಒಂದು ಕೈಯಿಂದ ಮುಟ್ಟಿದ್ದನ್ನು ಇನ್ನೊಂದು ಕೈಯಿಂದ ಮುಟ್ಟಲಾಗಲಿಲ್ಲ.

ಹತ್ತು ವರ್ಷದ ಮೇಲೆ, 2014ರ ಜುಲೈ 30ರಂದು, ತಂಜಾವೂರಿನ ನ್ಯಾಯಾಲಯ 10 ಮಂದಿಗೆ ಶಿಕ್ಷೆ ಕೊಟ್ಟಿತು. ಶಾಲೆ ಸ್ಥಾಪಿಸಿದವರು ಇದ್ದರು, ಶಿಕ್ಷಣ ಇಲಾಖೆಯವರು ಇದ್ದರು, ಕಟ್ಟಡ ಸುಭದ್ರ ಎಂದು ಪ್ರಮಾಣಪತ್ರ ಕೊಟ್ಟ ಇಂಜಿನಿಯರ್ ಒಬ್ಬರೂ ಇದ್ದರು. ಅಂದರೆ ಅಲ್ಲೂ ಕಾಗದ ಇತ್ತು. 2017ರಲ್ಲಿ ಮದ್ರಾಸ್ ಹೈಕೋರ್ಟು ಹಲವರನ್ನು ಬಿಟ್ಟಿತು, ಉಳಿದವರ ಶಿಕ್ಷೆ ತಗ್ಗಿಸಿತು. ನಡುವೆ 2009ರ ಏಪ್ರಿಲ್ 13ರಂದು, ಇದೇ ದುರಂತದಿಂದ ಹುಟ್ಟಿದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸುರಕ್ಷಿತ ಶಾಲೆಯಲ್ಲಿ ಓದುವುದು ಶಿಕ್ಷಣದ ಮೂಲಭೂತ ಹಕ್ಕಿನ ಭಾಗವೇ ಎಂದು ಹೇಳಿ, ರಾಷ್ಟ್ರೀಯ ಕಟ್ಟಡ ಸಂಹಿತೆಯ ಪಾಲನೆ, ಬೆಂಕಿ ಆರಿಸುವ ಸಾಧನ, ಮಾನ್ಯತೆಗೆ ಮೊದಲು ಇಂಜಿನಿಯರ ಪ್ರಮಾಣಪತ್ರ ಎಲ್ಲ ಕಡ್ಡಾಯ ಮಾಡಿತು. 94 ಮಕ್ಕಳು ಹೋದ ಮೇಲೆ ಮಕ್ಕಳು ಕಾಗದದಲ್ಲಾದರೂ ಫಸ್ಟ್ ಪಾರ್ಟಿಯಾದರು. ಒಳ್ಳೆಯ ತೀರ್ಪು. ಆದರೆ ಮಾನ್ಯತೆಯ ಹೊತ್ತಿನ ಪ್ರಮಾಣಪತ್ರ ಬೇರೆ, ಸ್ಲ್ಯಾಬ್ ಹಾಕುವ ಶನಿವಾರ ಪಕ್ಕದಲ್ಲಿ ನಿಂತ ಮನುಷ್ಯ ಬೇರೆ. ಸೆಂಟ್ರಿಂಗ್ ಹೇಗೆ ಕಟ್ಟಬೇಕು ಅನ್ನುವುದಕ್ಕೆ ನಮ್ಮಲ್ಲಿ 1999ರಿಂದಲೇ ಭಾರತೀಯ ಮಾನಕ ಇದೆ, ಐಎಸ್ 14687. ನಮ್ಮ ಸೈಟಿನ ಸೆಂಟ್ರಿಂಗ್ ಮೇಸ್ತ್ರಿಗೆ ಅದರ ಹೆಸರು ಗೊತ್ತಿರಲು ಸಾಧ್ಯವಿಲ್ಲ. ನನಗೂ ಗೊತ್ತಿರಲಿಲ್ಲ. ಆರ್ಕಿಟೆಕ್ಟರಿಗೆ ಗೊತ್ತಿದ್ದಿರಬೇಕು, ಅವರು ಆ ಶನಿವಾರ ಬಂದಿರಲಿಲ್ಲ.

ಇತ್ತೀಚೆಗೆ ನಮ್ಮಲ್ಲೂ ಷ್ಯೂರಿಟಿ ಬಾಂಡ್ ಬಂದಿದೆ. ವಿಮಾ ಪ್ರಾಧಿಕಾರದ ಮಾರ್ಗಸೂಚಿ 2022ರ ಏಪ್ರಿಲ್‌ನಿಂದ ಜಾರಿಗೆ ಬಂದು, ಅದೇ ಡಿಸೆಂಬರಿನಲ್ಲಿ ಮೊದಲ ಪಾಲಿಸಿ ಬಿಡುಗಡೆಯಾಯಿತು. ಬ್ಯಾಂಕ್ ಗ್ಯಾರಂಟಿಗೆ ಪೈಪೋಟಿ ಅಂತ ನಮ್ಮ ಮಂದಿ ಗೊಣಗಿದರು. ನನಗೆ ಅದರಲ್ಲಿ ಒಂದೇ ಆಸೆ. ಬ್ಯಾಂಕ್ ಗ್ಯಾರಂಟಿ ಕೊಡುವಾಗ ನಾವು ನೋಡುವುದು ಮಾರ್ಜಿನ್ ಎಷ್ಟು, ಎಫ್.ಡಿ. ಎಷ್ಟು ಅಂತ. ಅಮೆರಿಕದ ಷ್ಯೂರಿಟಿಯವರು ಈ ಕಾಂಟ್ರಾಕ್ಟರಿಗೆ ಕೆಲಸ ಬರುತ್ತದೆಯೇ, ಹಿಂದೆ ಏನು ಕಟ್ಟಿದ್ದಾನೆ ಅಂತಲೂ ನೋಡುತ್ತಾರೆ. ನಮ್ಮವರೂ ನೋಡುವ ರೂಢಿ ಬಂದರೆ ಬೀಳುವ ಮೊದಲು ಬರುವ ಒಬ್ಬನಾದರೂ ಸಿಗುತ್ತಾನೆ.

ನಾನು ಮಾಡಿದ್ದು ದೊಡ್ಡದೇನಲ್ಲ. 2004ರ ನಂತರ ನನ್ನ ಕೈಗೆ ಬಂದ ಶಾಲೆಗಳ ಫೈಲಿನಲ್ಲಿ ಎರಡು ಷರತ್ತು ಸೇರಿಸತೊಡಗಿದೆ. ಮೇಲೆ ಕೆಲಸ ನಡೆಯುವಾಗ ಅದರ ಕೆಳಗೂ ಪಕ್ಕದಲ್ಲೂ ತರಗತಿ ನಡೆಸಬಾರದು. ಟ್ರಸ್ಟಿನ ಆರ್ಕಿಟೆಕ್ಟ್ ಅಲ್ಲದೆ ಬೇರೊಬ್ಬ ಇಂಜಿನಿಯರ್ ಸ್ಲ್ಯಾಬಿಗೆ ಮೊದಲು ನೋಡಿ ಬರೆದುಕೊಡಬೇಕು, ಫೀಸು ಸಾಲದಲ್ಲೇ ಸೇರಿಸಿ. ಮೇಲಧಿಕಾರಿ ಒಬ್ಬರು 'ನೀವು ಪಿಡಬ್ಲ್ಯುಡಿಗೆ ಹೋಗಬೇಕಿತ್ತು ಮಾರಾಯ್ರೆ' ಅಂತ ನಕ್ಕು ಸಹಿ ಹಾಕಿದರು. ನಾಲ್ಕು ಟ್ರಸ್ಟುಗಳು ಒಪ್ಪಿದವು. ಐದನೆಯವರು ಒಪ್ಪಲಿಲ್ಲ. ವರ್ಷವಿಡೀ ಮಕ್ಕಳನ್ನು ಎಲ್ಲಿ ಕೂರಿಸೋಣ ಸಾರ್ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನ್ನ ಬಳಿ ಉತ್ತರ ಇರಲಿಲ್ಲ. ಅವರು ಸಾಲವನ್ನು ಬೇರೆ ಬ್ಯಾಂಕಿನಿಂದ ತೆಗೆದುಕೊಂಡರು, ಅರ್ಧ ಪರ್ಸೆಂಟ್ ಕಡಿಮೆ ಬಡ್ಡಿಗೆ.

ಆ ಶಾಲೆ ಲೋಕಲ್ ಟ್ರೇನಿನ ಕಿಟಕಿಯಿಂದ ಕಾಣುತ್ತದೆ. ಕಟ್ಟಡ ಚೆನ್ನಾಗಿಯೇ ಬಂದಿದೆ, ಏನೂ ಆಗಿಲ್ಲ. ಹೋದ ವಾರ ನೋಡಿದೆ, ಮೇಲೆ ಇನ್ನೊಂದು ಮಹಡಿ ಏರಿಸುತ್ತಿದ್ದಾರೆ, ಹಸಿರು ಬಲೆ ಕಟ್ಟಿದೆ. ಟ್ರೇನು ಸಿಗ್ನಲ್ಲಿಗೆ ಎರಡು ನಿಮಿಷ ನಿಂತಿತ್ತು. ಬಲೆಯ ಕೆಳಗಿನ ನೆರಳಿನಲ್ಲಿ ಮಕ್ಕಳ ಸೈಕಲ್ಲುಗಳು ಸಾಲಾಗಿ ನಿಂತಿದ್ದವು.